ಲೈವ್ ಬ್ಯಾಂಡಿಗೆ ಹೊರಟ ಐವರು

“ಶನಿವಾರ ಬೆಂಗಳೂರಿಗೆ ಹೋಗ್ತಿದೀವಿ, ಒಂದು ಲೈವ್ ಬ್ಯಾಂಡ್ ಇದೆ” ಎಂದು ಶಿವಮೊಗ್ಗದ ಅಡಿಕೆ ಮಂಡಿಯ ಸಾಹುಕಾರ ರಾತ್ರಿ ಊಟಕ್ಕೆ ಕೂತಾಗ ಹೇಳಿದ. ಬಡಿಸುತ್ತಿದ್ದ ಅತ್ತೆಯವರ ಸಾರಿನ ಸೌಟು ತಟ್ಟೆಯಿಂದ ಒಂದು ಗೇಣು ಮೇಲೆ ಹಾಗೇ ನಿಂತುಬಿಟ್ಟಿತು.

ಅತ್ತೆಯವರದು ತಪ್ಪಲ್ಲ. ದಿನಾ ಬೆಳಿಗ್ಗೆ ಕನ್ನಡ ಪತ್ರಿಕೆ ಓದಿದವರಿಗೆ ‘ಲೈವ್ ಬ್ಯಾಂಡ್’ ಎಂದ ಕೂಡಲೇ ಅದರ ಹಿಂದೆಯೇ ‘ಮೇಲೆ ದಾಳಿ’ ಎಂಬುದೂ ನೆನಪಾಗುತ್ತದೆ. ಬೆಂಗಳೂರಿನಲ್ಲಿ ಹೆಣ್ಣುಮಕ್ಕಳನ್ನು ಕುಣಿಸುವ ಬಾರುಗಳಿಗೆ ಅದು ಹೇಗೋ ಅಂಟಿಕೊಂಡ ಹೆಸರು. 2005ರಲ್ಲಿ ಇಂಥ ಮನರಂಜನೆಯ ಜಾಗಗಳಿಗೆ ಪೊಲೀಸ್ ಪರವಾನಗಿ ಕಡ್ಡಾಯ ಮಾಡುವ ಆದೇಶ ಹೊರಟಿತು, ಬಾರಿನವರು ಸುಪ್ರೀಂ ಕೋರ್ಟಿನವರೆಗೂ ಹೋದರು, 2018ರಲ್ಲಿ ಕೋರ್ಟು ಆದೇಶವನ್ನೇ ಎತ್ತಿಹಿಡಿಯಿತು. ನಡುವೆ ಸುಮ್ಮನೆ ಮೂಲೆಯಲ್ಲಿ ನಿಂತು ಗಿಟಾರ್ ಬಾರಿಸುತ್ತಿದ್ದ ಬಡಪಾಯಿಗಳೂ ಅದೇ ಬಲೆಗೆ ಸಿಕ್ಕಿ ಒದ್ದಾಡಿದರು. ಜಗತ್ತಿನ ಬೇರೆ ಕಡೆ ಗೌರವಸ್ಥರು ಟಿಕೆಟ್ ತೆಗೆದು ಹೋಗುವ ಲೈವ್ ಬ್ಯಾಂಡಿಗೆ ಕರ್ನಾಟಕದಲ್ಲಿ ಮಾತ್ರ ಮುಖ ಮುಚ್ಚಿಕೊಂಡು ಹೋಗಬೇಕಾದ ಪರಿಸ್ಥಿತಿ ಬಂದದ್ದು ಹೀಗೆ.

“ಅಮ್ಮ, ಇದು ಹಾಡಿನ ಬ್ಯಾಂಡು. ಗಂಡಸರೇ ಹಾಡೋದು” ಎಂದು ಮಗಳು ಸಮಜಾಯಿಷಿ ಕೊಟ್ಟಳು. ಅತ್ತೆಯವರು ಸಾರು ಬಡಿಸಿದರು. ಜೊತೆಗೆ ತೀರ್ಪನ್ನೂ ಬಡಿಸಿದರು: “ಹಾಗಾದ್ರೆ ನಿನ್ ತಮ್ಮನನ್ನೂ ಕರ್ಕೊಂಡು ಹೋಗಿ.”

ನಾಲ್ವರಾಗಿದ್ದವರು ಐವರಾದದ್ದು ಹೀಗೆ. ಕಾರಿನ ಮಾಲೀಕನಾದ್ದರಿಂದ ಸಾಹುಕಾರನೇ ಸಾರಥಿ. ಸಹಕಾರಿ ಸಂಘದಲ್ಲಿ ಕೆಲಸ ಮಾಡುವ, ಕಾಫಿ ಕುಡಿದರೂ ಐದರಿಂದ ಭಾಗಿಸುವ ಲೆಕ್ಕಿಗ. ಹನ್ನೊಂದು ವರ್ಷದಿಂದ ಪಿಎಚ್‌.ಡಿ. ಮುಗಿಸುತ್ತಲೇ ಇರುವ ಕಾಲೇಜು ಮೇಷ್ಟ್ರು. ಆರಡಿ ಮೂರಂಗುಲ ಎತ್ತರದ, ಎಲ್ಲರೂ ‘ಟವರ್’ ಎನ್ನುವ ಗೆಳೆಯ. ಜೊತೆಗೆ ಈಗ ಅತ್ತೆಯವರ ಪರವಾಗಿ ತಪಾಸಣೆಗೆ ನೇಮಕವಾದ ಭಾವಮೈದ. ಇವನಿಗೆ ಬ್ಯಾಂಡಿನ ಹೆಸರೂ ಗೊತ್ತಿರಲಿಲ್ಲ.

ಬ್ಯಾಂಡಿನ ಹೆಸರು ಇಂಡಿಯನ್ ಓಷನ್. 1990ರಲ್ಲಿ ದೆಹಲಿಯಲ್ಲಿ ಹುಟ್ಟಿದ ತಂಡ. ಗಿಟಾರಿನ ಸುಸ್ಮಿತ್ ಸೇನ್, ತಬಲಾ ಬಾರಿಸುತ್ತಲೇ ಹಾಡುತ್ತಿದ್ದ ಅಶೀಮ್ ಚಕ್ರವರ್ತಿ ಇದಕ್ಕೆ ಅಡಿಪಾಯ ಹಾಕಿದವರು. ಬೇಸ್ ಗಿಟಾರಿನ ರಾಹುಲ್ ರಾಮ್, ಡ್ರಮ್ಸಿನ ಅಮಿತ್ ಕಿಲಾಮ್ ಆಮೇಲೆ ಸೇರಿದರು. 2000ದಲ್ಲಿ ಬಂದ ‘ಕಂದೀಸಾ’ ಆಲ್ಬಂ ಅವರನ್ನು ದೇಶದ ಹಾಸ್ಟೆಲುಗಳಿಗೆಲ್ಲ ತಲುಪಿಸಿತು. ಆ ಹಾಸ್ಟೆಲುಗಳಲ್ಲಿ ಶಿವಮೊಗ್ಗದ್ದೂ ಒಂದು.

ಮೇಷ್ಟ್ರಿಗೆ ಈ ತಂಡದ ಮೇಲಿನ ಭಕ್ತಿಗೆ ಸಂಗೀತವಲ್ಲದ ಕಾರಣವೂ ಒಂದಿದೆ. ರಾಹುಲ್ ರಾಮ್ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಷಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಿ, ಊರಿಗೆ ಬಂದು ನರ್ಮದಾ ಬಚಾವೋ ಆಂದೋಲನದಲ್ಲಿ ಓಡಾಡಿ, ಕೊನೆಗೆ ಬೇಸ್ ಗಿಟಾರ್ ಹಿಡಿದವರು. “ಅವರು ಪಿಎಚ್‌.ಡಿ. ಮಾಡಿ ಆ ಕಡೆ ತಿರುಗಿ ನೋಡಲಿಲ್ಲ. ನಾನು ಮಾಡೋಕೆ ಮೊದಲೇ ತಿರುಗಿ ನೋಡ್ತಿಲ್ಲ. ಅಷ್ಟೇ ವ್ಯತ್ಯಾಸ” ಎನ್ನುವುದು ಮೇಷ್ಟ್ರ ವಾದ. ಅವರ ಮಾರ್ಗದರ್ಶಕರು ಇದನ್ನು ಇನ್ನೂ ಒಪ್ಪಿಲ್ಲ.

ಹಾಸ್ಟೆಲಿಗೆ ‘ಕಂದೀಸಾ’ ಬಂದದ್ದು ಅಂಗಡಿಯಿಂದಲ್ಲ, ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ. ಕಾಸು ಕೊಟ್ಟು ಖಾಲಿ ಕ್ಯಾಸೆಟ್ ಕೊಳ್ಳುವ ಶಕ್ತಿ ಇಲ್ಲದ್ದರಿಂದ ಲೆಕ್ಕಿಗ ತನ್ನ ಅಜ್ಜನ ತಾಳಮದ್ದಳೆಯ ಕ್ಯಾಸೆಟ್ಟೊಂದನ್ನು ಮನೆಯಿಂದ ಎತ್ತಿಕೊಂಡು ಬಂದಿದ್ದ. ಅದರ ಮೇಲೆಯೇ ರೆಕಾರ್ಡಿಂಗು ನಡೆಯಿತು. ಹಾಡುಗಳೆಲ್ಲ ಮುಗಿದ ಮೇಲೂ ಟೇಪು ಸ್ವಲ್ಪ ಉಳಿಯಿತು. ಹೀಗಾಗಿ ಕೊನೆಯಲ್ಲಿ ‘ಕಂದೀಸಾ’ದ ಆಲಾಪ ತೆಳ್ಳಗಾಗುತ್ತಾ ಕರಗಿಹೋದ ಮೂರನೇ ಸೆಕೆಂಡಿಗೆ ಸರಿಯಾಗಿ ಭಾಗವತರ ಜಾಗಟೆ ‘ಠಣ್’ ಎಂದು ಹೊಡೆದು, ಹಿಂದೆಯೇ ಚಂಡೆ ಗುಡುಗುತ್ತಿತ್ತು. ಮೂರು ವರ್ಷ ನಾಲ್ವರೂ ದಿನಕ್ಕೆ ಎರಡು ಸಲ ಅದನ್ನು ಹಾಗೇ ಕೇಳಿದರು. ಇವತ್ತಿಗೂ ಮೊಬೈಲಿನಲ್ಲಿ ಅದೇ ಹಾಡು ಶುದ್ಧವಾಗಿ ಬಂದು ಶುದ್ಧವಾಗಿ ಮುಗಿದರೆ, ಏನೋ ಅರ್ಧಕ್ಕೇ ಕಡಿದಂತೆ ನಾಲ್ಕು ಮುಖಗಳೂ ಪೆಚ್ಚಾಗುತ್ತವೆ.

ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗಲು ದಾರಿಗಳಿಗೇನೂ ಕೊರತೆಯಿಲ್ಲ. ರೈಲಿದೆ. 2023ರ ಫೆಬ್ರುವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾಗಿ, ಅದೇ ವರ್ಷದ ಆಗಸ್ಟ್ ಕೊನೆಗೆ ಬೆಂಗಳೂರಿನ ವಿಮಾನವೂ ಶುರುವಾಯಿತು. ಟವರ್ ವಿಮಾನದ ಮಾತೆತ್ತಿದಾಗ ಲೆಕ್ಕಿಗ ಐದು ಟಿಕೆಟ್ಟಿನ ಲೆಕ್ಕ ಹೇಳಿದ. ಅದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಸಾರಥಿಯದು: “ವಿಮಾನದಾಗೆ ಕೂತು ‘ಕಂದೀಸಾ’ ಕೂಗಿದ್ರೆ ಇಳಿಸ್ತಾರೆ ಮಾರಾಯ. ಅದೂ ಎಲ್ಲಿ ಇಳಿಸ್ತಾರೋ.” ಏಳು ಸೀಟಿನ ಎರ್ಟಿಗಾ ನಿಶ್ಚಯವಾಯಿತು.

ಹೊರಡುವ ಸಮಯ ಬೆಳಿಗ್ಗೆ ಒಂಬತ್ತು ಎಂದು ಮೇಷ್ಟ್ರು ಕಟ್ಟುನಿಟ್ಟಾಗಿ ಹೇಳಿದ್ದರು. ಟಿಕೆಟ್ಟಿನ ಮೇಲೆ ರಾತ್ರಿ ಎಂಟು ಎಂದಿತ್ತು. ಮುನ್ನೂರು ಕಿಲೋಮೀಟರ್, ಆರು ಗಂಟೆ ದಾರಿ. ಅಷ್ಟು ಬೇಗ ಯಾಕೆ ಎಂದು ಯಾರಾದರೂ ಕೇಳಬಹುದಿತ್ತು. ಆದರೆ ಮೇಷ್ಟ್ರು ರಂಗಶಂಕರದ ಶಾಲೆಯಲ್ಲಿ ಪಾಠ ಕಲಿತವರು. ಜೆ.ಪಿ. ನಗರದಲ್ಲಿ 2004ರಲ್ಲಿ ಬಾಗಿಲು ತೆರೆದ ಆ ರಂಗಮಂದಿರ ಬಾಗಿಲು ಮುಚ್ಚುವುದರಲ್ಲೂ ಅಷ್ಟೇ ಪ್ರಸಿದ್ಧ. ಅಲ್ಲಿ ಏಳೂವರೆ ಎಂದರೆ ಏಳೂವರೆ. ನಾಟಕ ಶುರುವಾದ ಮೇಲೆ ಬಂದವರು ಯಾರೇ ಆಗಲಿ, ಹೊರಗಿನ ಕೆಫೆಯಲ್ಲಿ ಕೂತು ಸಾಬೂದಾನ ವಡೆ ತಿನ್ನಬೇಕು. ಕನ್ನಡಿಗರಿಗೆ ಗಡಿಯಾರ ನೋಡುವುದನ್ನು ಕಲಿಸಿದ ಸಂಸ್ಥೆಗಳ ಪಟ್ಟಿ ಮಾಡಿದರೆ ಅದಕ್ಕೇ ಮೊದಲ ಸ್ಥಾನ.

ಒಂಬತ್ತಕ್ಕೆ ಹೊರಡಬೇಕಾದವರು ಹೊರಟಿದ್ದು ಹನ್ನೊಂದೂ ಮುಕ್ಕಾಲಿಗೆ. ಮಂಡಿಗೆ ಒಂದು ಲೋಡು ಬಂದಿತ್ತು.

ಭದ್ರಾವತಿ ಬರುವುದರೊಳಗೆ ಸ್ಟೀರಿಯೋ ಶುರುವಾಗಿತ್ತು. ‘ಕಂದೀಸಾ’ ಹಾಡನ್ನು ನಾಲ್ವರೂ ಎದೆ ಬಿರಿಯೆ ಹಾಡಿದರು. ಮುಗಿದ ಮೇಲೆ ಭಾವಮೈದ ಬಹಳ ಸೌಮ್ಯವಾಗಿ ಕೇಳಿದ: “ಭಾವ, ಹಂಗಂದ್ರೆ ಎಂತ?”

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಾಡಿದ ಹಾಡಿನ ಒಂದೇ ಒಂದು ಪದದ ಅರ್ಥವೂ ಯಾರಿಗೂ ಗೊತ್ತಿಲ್ಲ ಎಂಬ ಸತ್ಯ ಕಾರಿನೊಳಗೆ ಸ್ವಲ್ಪ ಹೊತ್ತು ಎಸಿಯ ಗಾಳಿಯಂತೆ ಸುಳಿದಾಡಿತು. ಮೇಷ್ಟ್ರು ಮೊಬೈಲಿನಲ್ಲಿ ಹುಡುಕಿದರು. ಅದು ಸಿರಿಯಾಕ್ ಭಾಷೆಯ ಪ್ರಾರ್ಥನೆ. ಯೇಸು ಆಡುತ್ತಿದ್ದನೆಂದು ವಿದ್ವಾಂಸರು ಹೇಳುವ ಅರಮೇಯಿಕ್ ಭಾಷೆಯದೇ ಒಂದು ರೂಪ. ದೇವರು ಪರಿಶುದ್ಧ ಎಂದು ಕೊಂಡಾಡುವ, ಕೇರಳದ ಸಿರಿಯನ್ ಕ್ರೈಸ್ತರ ಇಗರ್ಜಿಗಳಲ್ಲಿ ಶತಮಾನಗಳಿಂದ ಉಳಿದುಬಂದಿರುವ ಸ್ತೋತ್ರ. ಮಲೆನಾಡಿನವರಿಗೆ ಇದನ್ನು ತಿಳಿಯಲು ಮೊಬೈಲೇ ಬೇಕಿರಲಿಲ್ಲ. ರಬ್ಬರ್, ಮೆಣಸು ಬೆಳೆಯಲು ಕೇರಳದಿಂದ ಘಟ್ಟ ಹತ್ತಿ ಬಂದು ನರಸಿಂಹರಾಜಪುರ, ಬಾಳೆಹೊನ್ನೂರು ಸುತ್ತ ನೆಲೆಸಿದ ಕುಟುಂಬಗಳು ಎಷ್ಟಿಲ್ಲ? 2007ರಲ್ಲಿ ಸಿರೊ ಮಲಬಾರ್ ಸಭೆಯ ಧರ್ಮಪ್ರಾಂತ್ಯವೇ ಭದ್ರಾವತಿಯ ಹೆಸರಿನಲ್ಲಿ ಆಗಿದೆ. ಟವರ್ ಓದಿದ ತರಗತಿಯಲ್ಲಿ ಆ ಕಡೆಯ ಹುಡುಗರು ಮೂವರಿದ್ದರು. ಕೇಳಬೇಕು ಅಂತ ಯಾರಿಗೂ ತೋಚಿರಲಿಲ್ಲ, ಅಷ್ಟೆ. ದೆಹಲಿಯವರು ಹಾಡಿದ್ದನ್ನು ಬೆಂಗಳೂರಿಗೆ ಹೋಗಿ ಕೇಳಲು ಹೊರಟವರ ಹಾಡಿನ ಅರ್ಥ ಮನೆಯಿಂದ ಅರ್ಧ ಗಂಟೆಯ ದೂರದಲ್ಲಿ ಬಿದ್ದಿತ್ತು.

“ಅಂತೂ ದೇವರ ನಾಮ” ಎಂದ ಭಾವಮೈದ ಸಮಾಧಾನದಿಂದ ಮೊಬೈಲ್ ತೆಗೆದು ಅಮ್ಮನಿಗೆ ಮೆಸೇಜು ಹಾಕಿದ.

ತರೀಕೆರೆ, ಬೀರೂರು, ಕಡೂರು ಹಿಂದಾದವು. ಅರಸೀಕೆರೆಯಲ್ಲಿ ಊಟ. ತಿಪಟೂರಿನಲ್ಲಿ ಸಾರಥಿ ಕೊಬ್ಬರಿಯ ರೇಟು ಕೇಳಿಬರುತ್ತೇನೆಂದು ಇಳಿದು ಇಪ್ಪತ್ತು ನಿಮಿಷ ಕಾಣೆಯಾದ. ಅಡಿಕೆಯವನಿಗೆ ಕೊಬ್ಬರಿಯ ರೇಟು ಯಾಕೆ ಎಂದು ಮೇಷ್ಟ್ರು ಕೂಗಾಡಿದರು. ಪಕ್ಕದ ಮನೆಯವನ ಸಂಬಳ ನಿಮಗೆ ಯಾಕೆ ಬೇಕು ಎಂದು ಅವನು ತಿರುಗಿ ಕೇಳಿದ ಮೇಲೆ ಸುಮ್ಮನಾದರು.

ಗುಬ್ಬಿ ಬಂದಾಗ ನಾಲ್ಕೂವರೆ. ಅಲ್ಲಿ ಮೇಷ್ಟ್ರಿಗೆ ಮತ್ತೆ ಹುರುಪು ಬಂತು. 1884ರಲ್ಲಿ ಈ ಸಣ್ಣ ಊರಿನಲ್ಲಿ ಹುಟ್ಟಿದ ನಾಟಕ ಸಂಘ, ಅದನ್ನು ನಾಡಿಗೇ ಹೆಸರುವಾಸಿ ಮಾಡಿದ ವೀರಣ್ಣನವರು, ಅವರ ಕಂಪನಿಯಲ್ಲಿ ಪಳಗಿದ ರಾಜಕುಮಾರ್, ಎಲ್ಲ ಹೇಳಿ ತಾವು ಹೇಳಬೇಕಾದ್ದಕ್ಕೆ ಬಂದರು. ಕಂಪನಿ ನಾಟಕದ ಕಾಲದಲ್ಲಿ ಪ್ರೇಕ್ಷಕನಿಗೊಂದು ಅಧಿಕಾರವಿತ್ತು. ಹಾಡು ಮೆಚ್ಚಿದರೆ ‘ಒನ್ಸ್ ಮೋರ್’ ಎಂದು ಕೂಗುವುದು. ಸಾಯುವ ಪಾತ್ರ ಹಾಡಿ ಸತ್ತ ಮೇಲೂ ಒನ್ಸ್ ಮೋರ್ ಬಿದ್ದರೆ ಎದ್ದು ಕೂತು ಹಾಡಿ ಮತ್ತೆ ಸಾಯಬೇಕಿತ್ತು. “ಈ ಪಾಶ್ಚಾತ್ಯರು ಎನ್‌ಕೋರ್ ಅನ್ನೋದು ನಮ್ಮ ಗುಬ್ಬಿ ಕಂಪನಿಯ ಒನ್ಸ್ ಮೋರೇ. ಹಂಗಾಗಿ ಇವತ್ತು ನಾವು ಹಕ್ಕಿನಿಂದ ಕೇಳಬೇಕು” ಎಂದರು. ಟವರ್ ಒಪ್ಪಿಕೊಂಡ. ಎತ್ತರದವನ ಗಂಟಲು ದೂರ ಹೋಗುತ್ತದೆಂದು ಆ ಕೆಲಸ ಅವನಿಗೇ ಬಿತ್ತು.

ಗೊರಗುಂಟೆಪಾಳ್ಯದಿಂದ ಇಂದಿರಾನಗರ ತಲುಪಲು ಹಿಡಿದ ಸಮಯವನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. ಬೆಂಗಳೂರಿನವರಿಗೆ ಗೊತ್ತು, ಉಳಿದವರು ನಂಬುವುದಿಲ್ಲ. ಕಾರು ನಿಲ್ಲಿಸಿದ ಜಾಗದಿಂದ ಕಾರ್ಯಕ್ರಮದ ಜಾಗಕ್ಕೆ ಒಂದು ಕಿಲೋಮೀಟರ್. ಎಂಟಕ್ಕೆ ಹದಿನೈದು ನಿಮಿಷ ಇರುವಾಗ ಮೇಷ್ಟ್ರು ಓಡತೊಡಗಿದರು. ರಂಗಶಂಕರದ ಮುಚ್ಚಿದ ಬಾಗಿಲು ಅವರ ಕಣ್ಣ ಮುಂದಿತ್ತು. ಹಿಂದೆ ಉಳಿದ ನಾಲ್ವರು. ನೂರಡಿ ರಸ್ತೆಯ ಪಾದಚಾರಿಗಳು ಕಳ್ಳನನ್ನು ಹುಡುಕುವಂತೆ ಅತ್ತಿತ್ತ ನೋಡಿದರು. ನಾಲ್ಕನೇ ಮಹಡಿ, ಲಿಫ್ಟಿನ ಮುಂದೆ ಸಾಲು, ಮೆಟ್ಟಿಲೇ ಗತಿ. ಎಂಟಕ್ಕೆ ಎರಡು ನಿಮಿಷವಿರುವಾಗ ಐವರೂ ಬಾಯಲ್ಲಿ ಉಸಿರಾಡುತ್ತಾ ಬಾಗಿಲು ತಳ್ಳಿದರು.

ಒಳಗೆ ಯಾರೂ ಇರಲಿಲ್ಲ. ಒಬ್ಬ ಹುಡುಗ ಮೈಕಿನ ಮುಂದೆ ನಿಂತು “ಚೆಕ್, ಚೆಕ್” ಎನ್ನುತ್ತಿದ್ದ. ಇನ್ನೊಬ್ಬ ನೆಲ ಒರೆಸುತ್ತಿದ್ದ.

ಕಾರ್ಯಕ್ರಮ ಶುರುವಾದದ್ದು ಒಂಬತ್ತೂ ಇಪ್ಪತ್ತಕ್ಕೆ. ಇಂಥ ಜಾಗಗಳಲ್ಲಿ ಟಿಕೆಟ್ಟಿನ ಮೇಲೆ ಅಚ್ಚಾದ ಹೊತ್ತು ಹಾಡುವವರದಲ್ಲ, ಅಡುಗೆಮನೆಯದು ಎಂಬ ತಿಳಿವಳಿಕೆ ಆ ಎಂಬತ್ತೆರಡು ನಿಮಿಷದಲ್ಲಿ ಬಂತು. ಒಂದು ಪ್ಲೇಟ್ ಮಸಾಲೆ ಕಡಲೆಬೀಜ 340 ರೂಪಾಯಿ. ಲೆಕ್ಕಿಗ ಬೀಜಗಳನ್ನು ಎಣಿಸಿ ಒಂದಕ್ಕೆ ಎಷ್ಟಾಯಿತೆಂದು ಪಿಸುಮಾತಿನಲ್ಲಿ ತಿಳಿಸಿದ. ಆಮೇಲೆ ಯಾರೂ ಅದನ್ನು ಹಿಡಿಗಟ್ಟಲೆ ತಿನ್ನಲಿಲ್ಲ.

ಇಷ್ಟು ಸಣ್ಣ ಜಾಗವನ್ನು ಅವರು ನಿರೀಕ್ಷಿಸಿರಲಿಲ್ಲ. ಬೆಂಗಳೂರಿನ ಸಂಗೀತವೆಂದರೆ ಅವರ ತಲೆಯಲ್ಲಿದ್ದದ್ದು ಅರಮನೆ ಮೈದಾನ. 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಮಳೆಯಲ್ಲಿ ಹಾಡಿದ, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ ಬಂದ ಊರಿದು. 2007ರಲ್ಲಿ ಐರನ್ ಮೇಡನ್ ಬಂದಾಗ ಲೆಕ್ಕಿಗ ಹೋಗಿದ್ದ. ಆ ರಾತ್ರಿ ಅವನು ಸ್ಪಷ್ಟವಾಗಿ ಕಂಡದ್ದು ಮುಂದಿದ್ದವನ ಬೆನ್ನನ್ನು ಮಾತ್ರ. ಆ ಬೆನ್ನಿನ ಮೇಲೆ ಅಚ್ಚಾಗಿದ್ದ ಚಿತ್ರದಿಂದ ತಂಡ ಯಾವುದೆಂದು ಖಾತ್ರಿ ಮಾಡಿಕೊಂಡಿದ್ದ. ಅಂಥಲ್ಲಿ ಆಕಳಿಸಬಹುದು, ಸ್ನೇಹಿತರ ಜೊತೆ ಸೈಟಿನ ವ್ಯವಹಾರ ಮಾತಾಡಬಹುದು, ನಡುವೆ ಎದ್ದು ಹೋಗಿ ಎರಡು ಹಾಡು ಬಿಟ್ಟು ಬರಬಹುದು. ಹಾಡುವವರಿಗೆ ಗೊತ್ತಾಗುವುದೇ ಇಲ್ಲ.

ಇಲ್ಲಿ ಹೆಚ್ಚೆಂದರೆ ನೂರೈವತ್ತು ಜನ. ವೇದಿಕೆ ಮೊಣಕಾಲೆತ್ತರ. ಡ್ರಮ್ಸಿಗೂ ಮೊದಲ ಸಾಲಿಗೂ ನಡುವೆ ಒಂದು ಮದುವೆಮನೆಯ ಜಮಖಾನ ಹಾಸುವಷ್ಟು ಅಂತರ. ಪ್ರೇಕ್ಷಕರಿಗೆ ತಂಡ ಎಷ್ಟು ಚೆನ್ನಾಗಿ ಕಾಣುತ್ತದೋ ತಂಡಕ್ಕೆ ಪ್ರೇಕ್ಷಕರೂ ಅಷ್ಟೇ ಚೆನ್ನಾಗಿ ಕಾಣುತ್ತಾರೆ ಎಂಬ ಭಯಂಕರ ಸಂಗತಿ ಐವರಿಗೂ ಒಟ್ಟಿಗೇ ಹೊಳೆಯಿತು. “ನಾವು ಐದು ಜನ ಅಂದ್ರೆ ಮೂರು ಪಾಯಿಂಟ್ ಮೂರು ಪರ್ಸೆಂಟು. ಒಬ್ಬ ಆಕಳಿಸಿದ್ರೂ ಲೆಕ್ಕಕ್ಕೆ ಬರುತ್ತೆ” ಎಂದು ಲೆಕ್ಕಿಗ ಎಚ್ಚರಿಸಿದ.

ಬೀಟಲ್ಸ್ ತಂಡ ಲಿವರ್‌ಪೂಲ್‌ನ ಕ್ಯಾವರ್ನ್ ಕ್ಲಬ್ ಎಂಬ ನೆಲಮಾಳಿಗೆಯಲ್ಲಿ 1961ರಿಂದ 1963ರವರೆಗೆ 292 ಸಲ ಹಾಡಿತ್ತು ಎನ್ನುತ್ತಾರೆ. ಅಷ್ಟು ಸಲ ಅಷ್ಟು ಹತ್ತಿರದಿಂದ ಆಕಳಿಕೆ ನೋಡಿದ ತಂಡಕ್ಕೆ ಜನರನ್ನು ಎಚ್ಚರವಾಗಿಡುವ ವಿದ್ಯೆ ಬಾರದೆ ಇರುತ್ತದೆಯೇ?

ಕಾಯುವ ಹೊತ್ತಿನಲ್ಲಿ ಮೇಷ್ಟ್ರು ಇನ್ನೊಂದು ಪಾಠ ಮಾಡಿದರು. ಖಾಲಿ ಹಾಲಿನಲ್ಲಿ ‘ಚೆಕ್ ಚೆಕ್’ ಅಂದಾಗ ಕೇಳುವ ದನಿ, ಜನ ತುಂಬಿದ ಮೇಲೆ ಕೇಳುವುದಿಲ್ಲ. ಮನುಷ್ಯರ ಮೈ ದನಿಯನ್ನು ಹೀರಿಕೊಳ್ಳುತ್ತದೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸೇಬಿನ್ ಎಂಬ ಯುವ ಅಧ್ಯಾಪಕನಿಗೆ, ಪಾಠವೇ ಕೇಳಿಸದ ಹೊಸ ಉಪನ್ಯಾಸ ಮಂದಿರವೊಂದನ್ನು ಸರಿಪಡಿಸುವ ಕೆಲಸ ಬಿತ್ತು. ಅವನು ಇನ್ನೊಂದು ನಾಟಕಶಾಲೆಯ ಸೀಟಿನ ದಿಂಬುಗಳನ್ನು ರಾತ್ರಿ ಹೊತ್ತು ತಂದು ಜೋಡಿಸುವುದು, ಆರ್ಗನ್ ಕೊಳವೆ ಊದಿಸಿ ಮಾರ್ದನಿ ಎಷ್ಟು ಸೆಕೆಂಡು ಉಳಿಯುತ್ತದೆಂದು ಅಳೆಯುವುದು, ಬೆಳಗಾಗುವುದರೊಳಗೆ ದಿಂಬುಗಳನ್ನು ಅಲ್ಲಿಗೇ ಮುಟ್ಟಿಸುವುದು, ಹೀಗೇ ವರ್ಷಗಟ್ಟಲೆ ಮಾಡಿದ. ಸಭಾಂಗಣಗಳ ಶಬ್ದವಿಜ್ಞಾನ ಹುಟ್ಟಿದ್ದು ಆ ದಿಂಬುಗಳ ಮೇಲೆ. ಒಬ್ಬ ಮನುಷ್ಯ ಸುಮಾರು ಆರು ದಿಂಬಿಗೆ ಸಮ ಎಂಬುದು ಅವನ ಲೆಕ್ಕ.

“ಅಂದ್ರೆ ನಾವು ಮೂವತ್ತು ದಿಂಬು” ಎಂದ ಲೆಕ್ಕಿಗ. ಆಮೇಲೆ ಸಾರಥಿಯ ಹೊಟ್ಟೆಯ ಕಡೆ ನೋಡಿ ಮೂವತ್ಮೂರಕ್ಕೆ ತಿದ್ದಿದ.

ಈ ಮೂವತ್ಮೂರರಲ್ಲಿ ಅತ್ಯಂತ ಸಂಕಟಕ್ಕೆ ಒಳಗಾದವು ಟವರ್‌ನ ಆರು. ಅರಮನೆ ಮೈದಾನದಂಥ ಕಡೆ ಎತ್ತರದ ಗೆಳೆಯ ಆಸ್ತಿ. ಕಳೆದುಹೋದವರು ಅವನ ತಲೆ ನೋಡಿ ಬಂದು ಸೇರಬಹುದು. ಸಣ್ಣ ಜಾಗದಲ್ಲಿ ಅವನು ಸಾರ್ವಜನಿಕ ಉಪದ್ರವ. ಹಿಂದಿನಿಂದ ಕಾಲೇಜು ಹುಡುಗಿಯೊಬ್ಬಳು ಮರ್ಯಾದೆಯಿಂದಲೇ “ಅಂಕಲ್, ಸ್ವಲ್ಪ ಬಗ್ತೀರಾ?” ಎಂದಳು. ‘ಬಗ್ತೀರಾ’ ಎಂಬುದಕ್ಕಿಂತ ‘ಅಂಕಲ್’ ಎಂಬುದು ಅವನನ್ನು ಹೆಚ್ಚು ಕುಗ್ಗಿಸಿತು. ಇಡೀ ಕಾರ್ಯಕ್ರಮವನ್ನು ಅವನು ಬಾವಿ ಇಣುಕುವವನ ಭಂಗಿಯಲ್ಲಿ ನೋಡಿದ. ಒನ್ಸ್ ಮೋರ್ ಕೂಗುವ ಜವಾಬ್ದಾರಿ ಅವನಿಗೆ ಮರೆತೇ ಹೋಯಿತು.

ಕುರ್ಚಿಗಳಿರಲಿಲ್ಲ ಎಂಬುದು ಮತ್ತೊಂದು ಕಷ್ಟ. ಬಯಲಾಟಕ್ಕೆ ಚಾಪೆ ಹಿಡಿದು ಹೋಗಿ ಬೆಳಗಾಗುವವರೆಗೆ ಕೂತು ರೂಢಿಯಿದ್ದ ಮಂಡಿಗಳಿಗೆ ನಿಂತು ಕೇಳುವ ಸಂಗೀತ ಹೊಸದು. ಯಕ್ಷಗಾನದವರು ಈ ವಿಷಯದಲ್ಲಿ ಹೆಚ್ಚು ಮನುಷ್ಯತ್ವ ಉಳ್ಳವರು. ನಿದ್ದೆ ಬಂದವರಿಗೆ ಮಲಗಲು ಬಿಡುತ್ತಾರೆ, ಯುದ್ಧದ ಸನ್ನಿವೇಶ ಬಂದಾಗ ಚಂಡೆಯಿಂದ ಎಬ್ಬಿಸುತ್ತಾರೆ.

ತಂಡ ಬಂತು. ಇವರು ಹಾಸ್ಟೆಲಿನಲ್ಲಿ ಕೇಳಿದ ತಂಡವಲ್ಲ, ಆದರೂ ಅದೇ ತಂಡ. ಅಶೀಮ್ ಚಕ್ರವರ್ತಿ 2009ರ ಡಿಸೆಂಬರ್ 25ರಂದು ತೀರಿಕೊಂಡರು. ಸುಸ್ಮಿತ್ ಸೇನ್ 2013ರಲ್ಲಿ ತಂಡ ಬಿಟ್ಟರು. ಈಗ ಗಿಟಾರಿಗೆ ನಿಖಿಲ್ ರಾವ್, ಹಾಡಿಗೆ ಹಿಮಾಂಶು ಜೋಶಿ, ತಬಲಾಕ್ಕೆ ತುಹೀನ್ ಚಕ್ರವರ್ತಿ. ಹಳಬರಲ್ಲಿ ರಾಹುಲ್ ರಾಮ್ ತಮ್ಮ ಉದ್ದ ಕೂದಲಿನೊಡನೆ ಇದ್ದಾರೆ. ಅಮಿತ್ ಕಿಲಾಮ್ ಇದ್ದಾರೆ. ಹಳೇ ತಂಡದ ಮೇಲಿನ ಪ್ರೀತಿಯೆಂಬುದು ಮೇಳದ ಮೇಲಿನ ಪ್ರೀತಿಯ ಹಾಗೆ. ವೇಷಧಾರಿಗಳು ಬದಲಾಗುತ್ತಾರೆ, ಮೇಳದ ಹೆಸರು ಹೇಳಿದರೆ ಜನ ಗದ್ದೆ ದಾಟಿ ಬರುತ್ತಾರೆ. ಹಾಡು ಹಾಡಿನ ನಡುವೆ ರಾಹುಲ್ ರಾಮ್ ಆಡುವ ಮಾತು, ತಮಾಷೆ ಕೇಳಿದ ಭಾವಮೈದ “ಇವ್ರು ಭಾಗವತರೂ ಹೌದು, ಹಾಸ್ಯಗಾರರೂ ಹೌದು” ಎಂದು ತೀರ್ಪು ಕೊಟ್ಟ. ಅದು ಆ ಸಂಜೆ ಅವನು ಎಚ್ಚರವಾಗಿದ್ದಾಗ ಆಡಿದ ಕೊನೆಯ ಮಾತು.

ಏಕೆಂದರೆ ಎರಡನೇ ಹಾಡಿಗೆ ಭಾವಮೈದ ಸ್ಪೀಕರಿನ ಪಕ್ಕದ ಕಂಬಕ್ಕೆ ಒರಗಿ ನಿದ್ದೆ ಹೋದ. ಇಂಥ ಜಾಗಗಳಲ್ಲಿ ಸರಾಸರಿ ಶಬ್ದ 100 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಲೆಕ್ಕಿಗ ಇದನ್ನು ಓದಿಕೊಂಡು ಬಂದು ಎಲ್ಲರಿಗೂ ಹತ್ತಿ ಹಂಚಿದ್ದ. ಭಾವಮೈದನಿಗೆ ಹತ್ತಿಯೂ ಬೇಕಾಗಲಿಲ್ಲ. ರಾತ್ರಿಯಿಡೀ ಚಂಡೆಯ ಮಗ್ಗುಲಲ್ಲಿ ಮಲಗಿ ಬೆಳೆದ ಕಿವಿ ಅದು.

‘ಮಾ ರೇವಾ’ ಬಂತು. ನರ್ಮದೆಯ ಮೇಲಿನ ಆ ಜನಪದ ಹಾಡನ್ನು ರಾಹುಲ್ ರಾಮ್ ಕಣಿವೆಯ ಚಳವಳಿಯ ದಿನಗಳಿಂದ ತಂದದ್ದು ಎಂದು ಮೇಷ್ಟ್ರು ಪಕ್ಕದವರಿಗೆ ಹೇಳುತ್ತಿದ್ದರು. ಪಕ್ಕದವರು ಅಪರಿಚಿತರು ಎಂಬುದು ಅವರಿಗೆ ಗೊತ್ತಿರಲಿಲ್ಲ. ಬೇಸ್ ಗಿಟಾರಿನ ದನಿ ಕಿವಿಯಿಂದಲ್ಲ, ನೆಲದಿಂದ ಅಂಗಾಲಿಗೆ ಹತ್ತಿ ಬರುತ್ತಿತ್ತು. ಕ್ಯಾಸೆಟ್ಟಿನಲ್ಲಿ ಮೂರು ವರ್ಷ ಕೇಳಿದ್ದ ಹಾಡಿನೊಳಗೆ ಇಂಥದೊಂದು ದನಿ ಇದೆ ಎಂದೇ ಇವರಿಗೆ ಗೊತ್ತಿರಲಿಲ್ಲ. ಅಜ್ಜನ ಟೇಪಿನಲ್ಲಿ ಅದು ಉಳಿದಿರಲಿಲ್ಲ. ಸಾರಥಿ ಕಣ್ಣು ಒರೆಸಿಕೊಂಡ. ಕೇಳಿದ್ದಕ್ಕೆ ಹೊಗೆಯ ಯಂತ್ರದ ಮೇಲೆ ಹಾಕಿದ.

ಆಮೇಲಿನದು ಹೇಳಲು ಸಂಕೋಚ. ಒಂದು ಹಾಡು ಮುಗಿದು ಇನ್ನೊಂದಕ್ಕೆ ಗಿಟಾರಿನ ಒಂದೇ ತಂತಿ ಮೆಲ್ಲಗೆ ಮಿಡಿಯುತ್ತಿತ್ತು. ನೂರೈವತ್ತು ಜನ ಉಸಿರು ಬಿಗಿಹಿಡಿದಿದ್ದರು. ಆಗ ಲೆಕ್ಕಿಗನ ಫೋನು ಹೊಡೆದುಕೊಂಡಿತು. ರಿಂಗ್‌ಟೋನು ‘ಕಂದೀಸಾ’. ಜೇಬುಗಳ್ಳರ ಭಯಕ್ಕೆ ಅವನು ಫೋನನ್ನು ಬನಿಯನ್ನಿನೊಳಗಿನ ಜಿಪ್ಪಿನ ಚೀಲದಲ್ಲಿ ಇಟ್ಟಿದ್ದ. ಅದು ಕೈಗೆ ಬರುವುದರೊಳಗೆ ಪಲ್ಲವಿ ಒಂದೂವರೆ ಸುತ್ತು ಮುಗಿಯಿತು. ಅರಮನೆ ಮೈದಾನದಲ್ಲಾಗಿದ್ದರೆ ಮುಂದಿದ್ದವನ ಬೆನ್ನಿಗೂ ಕೇಳುತ್ತಿರಲಿಲ್ಲ. ಇಲ್ಲಿ ವೇದಿಕೆಯ ಮೇಲಿದ್ದವರ ಕಣ್ಣುಗಳೂ ಒಮ್ಮೆ ಇತ್ತ ಹೊರಳಿದವು. ಇಪ್ಪತ್ತು ವರ್ಷ ಆರಾಧಿಸಿದವರ ದೃಷ್ಟಿ ಕೊನೆಗೂ ಇವರ ಮೇಲೆ ಬಿತ್ತು.

ಕರೆ ಮಾಡಿದ್ದು ಹೆಂಡತಿ. ಗ್ಯಾಸ್ ಬುಕ್ ಮಾಡಿದ್ದೀರಾ ಎಂದು ಕೇಳಲು.

ಕೊನೆಗೆ ಬಂದದ್ದು ‘ಕಂದೀಸಾ’. ಇಡೀ ಕೋಣೆ ಹಾಡಿತು. ಐವರಲ್ಲಿ ನಾಲ್ವರು ಹಾಡಿದರು. ಅವತ್ತಷ್ಟೇ ಅರ್ಥ ಗೊತ್ತಾಗಿದ್ದರಿಂದ ಮೇಷ್ಟ್ರು ಸ್ವಲ್ಪ ಭಕ್ತಿಯಿಂದಲೇ ಹಾಡಿದರು. ಆಲಾಪ ತೆಳ್ಳಗಾಯಿತು. ಕರಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಈ ನಾಲ್ವರು ಮಾತ್ರ ಕೈ ಎತ್ತಿ ಹಾಗೇ ನಿಂತಿದ್ದರು: ಒಂದು, ಎರಡು, ಮೂರು. ಜಾಗಟೆ ಬೀಳಲಿಲ್ಲ. ನಾಲ್ವರೂ ಮುಖ ಮುಖ ನೋಡಿಕೊಂಡರು. ಆಗ ಸಾರಥಿ ಮೆಲ್ಲಗೆ ಬಾಯಲ್ಲೇ “ಠಣ್” ಅಂದ. ಆಮೇಲೆ ಜೋರಾಗಿ ಚಪ್ಪಾಳೆ ತಟ್ಟಿದರು.

ಯಕ್ಷಗಾನದಲ್ಲಿ ಅಭಿಮಾನಿಗಳು ಬಣ್ಣ ಹಚ್ಚುವ ಚೌಕಿಗೆ ಇಣುಕುವುದು ಹಳೇ ಚಾಳಿ. ಇಲ್ಲಿ ಚೌಕಿ ಎಂದರೆ ಶೌಚಾಲಯದ ಸಾಲಿನ ಪಕ್ಕದ ಒಂದು ಬಾಗಿಲು. ಅದು ಮುಚ್ಚಿತ್ತು. ವೇದಿಕೆಯ ಮೇಲೆ ಉದ್ದ ಕೂದಲಿನವರೊಬ್ಬರು ವೈರು ಸುತ್ತುತ್ತಿದ್ದರು. ಲೆಕ್ಕಿಗ ಕ್ಷಮೆ ಕೇಳಬೇಕೆಂದು, ಮೇಷ್ಟ್ರು ನರ್ಮದೆಯ ಬಗ್ಗೆ, ಪಿಎಚ್‌.ಡಿ.ಯ ಬಗ್ಗೆ ಕೇಳಬೇಕೆಂದು ಮುಂದೆ ಹೋದರು. ಹತ್ತಿರ ಹೋದಾಗ ಇಪ್ಪತ್ತು ವರ್ಷ ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಮೇಷ್ಟ್ರು ಕೇಳಿದ್ದು ಇಷ್ಟೇ: “ಊಟ ಆಯ್ತಾ ಸರ್?”

“ಇನ್ನೂ ಇಲ್ಲ ಸರ್” ಎಂದು ಅವರು ಶುದ್ಧ ಕನ್ನಡದಲ್ಲಿ ಹೇಳಿದರು. ಫೋಟೋಕ್ಕೂ ನಿಂತರು. ಅವರು ಮಂಡ್ಯ ಕಡೆಯವರು, ಸೌಂಡ್ ಸಿಸ್ಟಮ್ಮಿನ ಕೆಲಸಕ್ಕೆ ಬಂದವರು ಎಂದು ತಿಳಿದದ್ದು ಫೋಟೋ ಮೂರು ಗುಂಪುಗಳಿಗೆ ಹೋಗಿ ನಲವತ್ತು ಅಭಿನಂದನೆಗಳು ಬಂದ ಮೇಲೆ. ಅದನ್ನು ಈವರೆಗೆ ಯಾರೂ ಅಳಿಸಿಲ್ಲ.

ಹೊರಗೆ ಬಂದಾಗ ಹನ್ನೆರಡು ದಾಟಿತ್ತು. ನಾಲ್ವರಿಗೆ ಸೊಂಟ ಇರಲಿಲ್ಲ, ಟವರ್‌ಗೆ ಕುತ್ತಿಗೆಯೂ ಇರಲಿಲ್ಲ. ಯಾರಿಗೂ ಸ್ಟೀರಿಂಗ್ ಹಿಡಿಯುವ ಶಕ್ತಿ ಉಳಿದಿರಲಿಲ್ಲ. ಆಗ ಎರಡು ಗಂಟೆ ಸೊಗಸಾಗಿ ನಿದ್ದೆ ಮಾಡಿ ಎದ್ದ ಭಾವಮೈದ ಮೈ ಮುರಿದು, “ಕೀ ಕೊಡಿ ಭಾವ” ಎಂದ. ಅತ್ತೆಯವರ ದೂರದೃಷ್ಟಿಗೆ ಹಿಂದಿನ ಸೀಟಿನಲ್ಲಿ ಎಲ್ಲರೂ ಮನಸಾರೆ ಕೈಮುಗಿದು ಕಣ್ಣು ಮುಚ್ಚಿದರು.

ನೆಲಮಂಗಲದ ಬಳಿ ಕಾರು ನಿಲ್ಲಿಸಿ ಎಲ್ಲರೂ ನಾಲ್ಕು ಗಂಟೆ ಮಲಗಿದರು. ಕ್ಯಾತ್ಸಂದ್ರ ತಲುಪಿದಾಗ ತಟ್ಟೆ ಇಡ್ಲಿಯ ಮೊದಲ ಒಬ್ಬೆ ಇಳಿಯುತ್ತಿತ್ತು. ಐವರು ಹನ್ನೊಂದು ಇಡ್ಲಿ ತಿಂದರು. ಐವರ ಬಿಲ್ಲೂ ಸೇರಿ ರಾತ್ರಿಯ ಒಂದು ಪ್ಲೇಟ್ ಕಡಲೆಬೀಜದಷ್ಟು ಆಗಲಿಲ್ಲವೆಂದು ಲೆಕ್ಕಿಗ ಅಲ್ಲೇ ಘೋಷಿಸಿದ.

ತಂಡ ಮತ್ತೆ ಬೆಂಗಳೂರಿಗೆ ಬಂದೇ ಬರುತ್ತದೆ. ಎರ್ಟಿಗಾದಲ್ಲಿ ಏಳು ಸೀಟು, ಭಾವಮೈದನದು ಖಾಯಂ, ಇನ್ನೂ ಎರಡು ಖಾಲಿ. ಬರುವವರು ಸಿರಿಯಾಕ್ ಕಲಿತಿರಬೇಕಾಗಿಲ್ಲ. ಮನೆಯಲ್ಲಿ ‘ಲೈವ್ ಬ್ಯಾಂಡ್’ ಅನ್ನದೆ ‘ದೇವರ ನಾಮ’ ಎಂದು ಹೇಳಿ ಬನ್ನಿ, ಫೋನು ಆಫ್ ಮಾಡಿಕೊಳ್ಳಿ, ಗ್ಯಾಸ್ ಮೊದಲೇ ಬುಕ್ ಮಾಡಿರಿ.